ಕಚ್ಚಾ ತೈಲ ರಫ್ತು ನಿಷೇಧದಿಂದ ಲಾಭವಾದದ್ದು ಯಾರಿಗೆ?

ಮಾನ್ಯ ಸಂಪಾದಕರೇ,

ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಪತ್ರಿಕೆಗಳ ಓದುಗರ ಅಂಕಣದಲ್ಲಿ ಒಂದು ವಾದ ತಪ್ಪದೆ ಕಾಣಿಸಿಕೊಳ್ಳುತ್ತದೆ. ಒಂದು ದೇಶದ ನೆಲದಲ್ಲಿ ಸಿಕ್ಕ ತೈಲ ಆ ದೇಶದಲ್ಲೇ ಉಳಿಯಬೇಕು, ಹೊರಗೆ ಮಾರಲು ಬಿಟ್ಟರೆ ಒಳಗೆ ಬೆಲೆ ಏರುತ್ತದೆ ಎಂಬುದು ಆ ವಾದ. ಕೇಳಲು ನ್ಯಾಯವಾಗಿಯೇ ಇರುವ ಈ ಮಾತನ್ನು ಅಮೆರಿಕವು ನಲವತ್ತು ವರ್ಷ ಕಾನೂನಾಗಿಯೇ ಪಾಲಿಸಿ, 2015ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಆದ್ದರಿಂದ ಇದನ್ನು ಇನ್ನು ಊಹೆಯ ಮೇಲೆ ಚರ್ಚಿಸಬೇಕಾಗಿಲ್ಲ. ನಿಷೇಧವಿದ್ದಾಗ ಏನಾಯಿತು, ತೆಗೆದ ಮೇಲೆ ಏನಾಯಿತು ಎಂಬ ಎರಡೂ ಲೆಕ್ಕಗಳು ನಮ್ಮ ಮುಂದಿವೆ. ಕರಾವಳಿಯ ರಿಫೈನರಿಯೊಂದರಲ್ಲಿ (ಕಚ್ಚಾ ತೈಲ ಸಂಸ್ಕರಿಸುವ ಕಾರ್ಖಾನೆಯಲ್ಲಿ) ಇಪ್ಪತ್ತೇಳು ವರ್ಷ ದುಡಿದು ನಿವೃತ್ತನಾದ ನನಗೆ ಆ ಲೆಕ್ಕ ಓದಿದಾಗ ತೋರಿದ್ದು ಇಷ್ಟು: ಆ ನಿಷೇಧದ ಲಾಭ, ಅದರಲ್ಲೂ ಅದರ ಕೊನೆಯ ವರ್ಷಗಳಲ್ಲಿ, ಬಂಕಿಗೆ ಬಂದು ಪೆಟ್ರೋಲ್ ತುಂಬಿಸಿಕೊಳ್ಳುವವನಿಗೆ ತಲುಪಲಿಲ್ಲ, ನಮ್ಮಂಥ ರಿಫೈನರಿಗಳವರ ಕೈಸೇರಿತು.

ನಿಷೇಧ ಹುಟ್ಟಿದ ಸಂದರ್ಭವನ್ನು ಮೊದಲು ಹೇಳಬೇಕು. 1973ರ ಅಕ್ಟೋಬರ್‌ನಲ್ಲಿ ಅರಬ್–ಇಸ್ರೇಲ್ ಯುದ್ಧ ನಡೆದಾಗ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಬ್ಯಾರೆಲ್‌ಗೆ (ಸುಮಾರು 159 ಲೀಟರ್‌ಗೆ) ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಆಸುಪಾಸಿಗೆ ಜಿಗಿಯಿತು, ಅಮೆರಿಕದ ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿದವು. ಆಗ ಅಲ್ಲಿನ ಸರ್ಕಾರ ದೇಶದೊಳಗೆ ತೆಗೆದ ಕಚ್ಚಾ ತೈಲಕ್ಕೆ ಗರಿಷ್ಠ ಬೆಲೆ ನಿಗದಿ ಮಾಡಿತ್ತು. ಹಳೆಯ ಬಾವಿಗಳ ತೈಲಕ್ಕೆ ಬ್ಯಾರೆಲ್‌ಗೆ 5.25 ಡಾಲರ್ ಮಾತ್ರ. ಒಳಗೆ ಐದು, ಹೊರಗೆ ಹನ್ನೆರಡು ಎಂದಾದರೆ ಯಾವ ಉತ್ಪಾದಕ ಒಳಗೆ ಮಾರುತ್ತಾನೆ? ತೈಲ ಗಡಿ ದಾಟದಿರಲೆಂದು ಹಾಕಿದ ಬೇಲಿಯೇ ರಫ್ತು ನಿಷೇಧ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ 1975ರ ಡಿಸೆಂಬರ್ 22ರಂದು ಸಹಿ ಹಾಕಿದ ಇಂಧನ ನೀತಿ ಮತ್ತು ಸಂರಕ್ಷಣಾ ಕಾಯ್ದೆಯಲ್ಲಿ ಅದು ಸೇರಿತು. ಬೆಲೆ ನಿಯಂತ್ರಣ ಇರುವವರೆಗೆ ಆ ಬೇಲಿಗೆ ಅರ್ಥವಿತ್ತು ಎಂಬುದನ್ನು ಒಪ್ಪಿಕೊಳ್ಳೋಣ.

1981ರ ಜನವರಿಯಲ್ಲಿ ರೊನಾಲ್ಡ್ ರೇಗನ್ ಅಧಿಕಾರಕ್ಕೆ ಬಂದ ಎಂಟೇ ದಿನಗಳಲ್ಲಿ ಬೆಲೆ ನಿಯಂತ್ರಣವನ್ನು ರದ್ದು ಮಾಡಿದರು. ಅದೇ ವರ್ಷ ಪೆಟ್ರೋಲ್, ಡೀಸೆಲ್‌ನಂತಹ ಸಂಸ್ಕರಿಸಿದ ಉತ್ಪನ್ನಗಳ ರಫ್ತಿಗಿದ್ದ ಅಡ್ಡಿಯೂ ಹೋಯಿತು. ಕಚ್ಚಾ ತೈಲದ ಮೇಲಿನ ನಿಷೇಧ ಮಾತ್ರ ಉಳಿದುಕೊಂಡಿತು. ಕೆನಡಾದಲ್ಲೇ ಬಳಕೆಯಾಗುವ ತೈಲಕ್ಕೆ, ಕ್ಯಾಲಿಫೋರ್ನಿಯಾದ ಅಲ್ಪ ಪ್ರಮಾಣದ ಭಾರದ ತೈಲಕ್ಕೆ, 1995ರ ನಂತರ ಅಲಾಸ್ಕದ ಉತ್ತರ ಇಳಿಜಾರಿನ ತೈಲಕ್ಕೆ ವಿನಾಯಿತಿಗಳಿದ್ದವು. ಉಳಿದಂತೆ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಕಾರಣ, ರಫ್ತು ಮಾಡಲು ತೈಲವೇ ಇರಲಿಲ್ಲ. 1970ರಲ್ಲಿ ದಿನಕ್ಕೆ 96 ಲಕ್ಷ ಬ್ಯಾರೆಲ್ ಇದ್ದ ಅಮೆರಿಕದ ಉತ್ಪಾದನೆ 2008ರ ಹೊತ್ತಿಗೆ 50 ಲಕ್ಷಕ್ಕೆ ಕುಸಿದಿತ್ತು. ಅಲ್ಲಿಂದ ಮುಂದೆ ಉತ್ತರ ಡಕೋಟದ ಬಕೆನ್, ಟೆಕ್ಸಸ್‌ನ ಈಗಲ್ ಫೋರ್ಡ್ ಮತ್ತು ಪರ್ಮಿಯನ್ ಪ್ರದೇಶಗಳಲ್ಲಿ ಶೇಲ್ ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ ತೈಲ ತೆಗೆಯುವ ವಿಧಾನ ಹರಡಿ, 2015ರಲ್ಲಿ ಉತ್ಪಾದನೆ ಮತ್ತೆ 94 ಲಕ್ಷ ಬ್ಯಾರೆಲ್‌ಗೆ ಏರಿತು. ಮರೆತುಹೋಗಿದ್ದ ಕಾನೂನು ಆಗ ಕಾಲಿಗೆ ತೊಡರಿತು.

ಈ ಹಂತದಲ್ಲಿ ಸಾಮಾನ್ಯ ಓದುಗರು ಕೇಳುವ ಪ್ರಶ್ನೆಯೊಂದಿದೆ. ಇಷ್ಟು ತೈಲ ಸಿಕ್ಕಿದ್ದರೂ ಅಮೆರಿಕ ಹೊರಗಿನಿಂದ ತರಿಸಿಕೊಳ್ಳುತ್ತಲೇ ಇತ್ತಲ್ಲ, ಅದನ್ನು ನಿಲ್ಲಿಸಿ ತನ್ನದನ್ನೇ ಬಳಸಬಾರದಿತ್ತೇ? ಉತ್ತರ ತೈಲದ ಗುಣದಲ್ಲಿದೆ. ಕಚ್ಚಾ ತೈಲ ಎಂಬುದು ಒಂದೇ ವಸ್ತುವಲ್ಲ. ಟ್ಯಾಂಕಿನಿಂದ ತೆಗೆದ ಮಾದರಿಯನ್ನು ಪ್ರಯೋಗಾಲಯದಲ್ಲಿ ನೋಡಿದವರಿಗೆ ಗೊತ್ತು: ಕೆಲವು ತೈಲ ಹೊಂಬಣ್ಣದ್ದಾಗಿ ನೀರಿನಂತೆ ತೆಳ್ಳಗಿರುತ್ತದೆ, ಕೆಲವು ಕಾಕಂಬಿಯಂತೆ ಕಪ್ಪಾಗಿ ಮಂದವಾಗಿರುತ್ತದೆ. ಗಂಧಕ ಕಡಿಮೆ ಇದ್ದರೆ ಅದನ್ನು ನಾವು ‘ಸ್ವೀಟ್’ ಎನ್ನುತ್ತಿದ್ದೆವು, ಹೆಚ್ಚಿದ್ದರೆ ‘ಸೋರ್’. ಶೇಲ್ ಬಂಡೆಯಿಂದ ಬಂದದ್ದು ಹಗುರವಾದ ಸ್ವೀಟ್ ತೈಲ. ಆದರೆ ಮೆಕ್ಸಿಕೊ ಕೊಲ್ಲಿಯ ದಂಡೆಯಲ್ಲಿರುವ ಅಮೆರಿಕದ ದೊಡ್ಡ ರಿಫೈನರಿಗಳು ಎರಡು ದಶಕಗಳ ಕಾಲ ಭಾರಿ ಬಂಡವಾಳ ಹಾಕಿ ಸಜ್ಜಾಗಿದ್ದು ವೆನೆಜುವೆಲಾ, ಮೆಕ್ಸಿಕೊ, ಕೆನಡಾಗಳ ಭಾರದ ಸೋರ್ ತೈಲಕ್ಕೆ. ಅಂಥ ಘಟಕಕ್ಕೆ ಹಗುರ ತೈಲವನ್ನೇ ಸುರಿದರೆ ಬಟ್ಟಿ ಗೋಪುರದ ಮೇಲ್ಭಾಗ ಉಸಿರುಗಟ್ಟುತ್ತದೆ, ತಳದ ಭಾರವನ್ನು ಒಡೆಯಲು ಕಟ್ಟಿದ ಕೋಕರ್ ಬರಿದೇ ಕೂರುತ್ತದೆ. ಕುಚ್ಚಲಕ್ಕಿಗೆಂದು ಭತ್ತ ಬೇಯಿಸುವ ಹಂಡೆಗಳನ್ನೆಲ್ಲ ಹೂಡಿದ ನಮ್ಮ ಜಿಲ್ಲೆಯ ಗಿರಣಿಯವನಿಗೆ ‘ಇನ್ನು ಮೇಲೆ ಬರೀ ಬೆಳ್ತಿಗೆ ಮಾಡು’ ಎಂದರೆ ಆಗುವ ನಷ್ಟದಂಥದ್ದೇ ಇದು. ಹೀಗಾಗಿ ತನ್ನ ಹಗುರ ತೈಲವನ್ನು ಮಾರಿ, ಬೇಕಾದ ಭಾರದ ತೈಲವನ್ನು ಕೊಳ್ಳುವುದೇ ಆ ದೇಶಕ್ಕೆ ಲಾಭದ ದಾರಿಯಾಗಿತ್ತು. ಕಾನೂನು ಆ ದಾರಿಯ ಅರ್ಧವನ್ನು ಮುಚ್ಚಿತ್ತು.

ಮುಚ್ಚಿದ್ದರ ಪರಿಣಾಮವೇನಾಯಿತೆಂದರೆ, ಒಳನಾಡಿನಲ್ಲಿ ಹಗುರ ತೈಲ ರಾಶಿ ಬಿದ್ದು ಅದರ ಬೆಲೆ ಇಳಿಯಿತು. ಅಮೆರಿಕದ ಮಾನದಂಡವಾದ ಡಬ್ಲ್ಯುಟಿಐ ತೈಲ ಮತ್ತು ಜಾಗತಿಕ ಮಾನದಂಡವಾದ ಬ್ರೆಂಟ್ ತೈಲಗಳ ನಡುವಿನ ಅಂತರ 2011ರಲ್ಲಿ ಕೆಲವೊಮ್ಮೆ ಬ್ಯಾರೆಲ್‌ಗೆ 25 ಡಾಲರ್ ಮೀರಿತ್ತು. ಎಲ್ಲವೂ ನಿಷೇಧದ ಪಾಪವೆಂದು ಹೇಳುವುದು ತಪ್ಪಾಗುತ್ತದೆ. ಒಳನಾಡಿನ ತೈಲ ಬಂದು ಸೇರುವ ಒಕ್ಲಹಾಮದ ಕುಶಿಂಗ್‌ನಿಂದ ಸಮುದ್ರ ದಂಡೆಗೆ ಸಾಕಷ್ಟು ಕೊಳವೆ ಮಾರ್ಗ ಇಲ್ಲದಿದ್ದುದೂ ಮುಖ್ಯ ಕಾರಣವೇ. ಆದರೂ ಬಾವಿಯವನು ಕಡಿಮೆಗೆ ಮಾರಿದ ತೈಲದಿಂದ ಬಂದ ಪೆಟ್ರೋಲ್ ಜನರಿಗೆ ಕಡಿಮೆಗೆ ಸಿಕ್ಕಿತೇ ಎಂಬುದು ಇಲ್ಲಿನ ನಿಜವಾದ ಪ್ರಶ್ನೆ. ಸಿಗಲಿಲ್ಲ. ಪೆಟ್ರೋಲ್ ರಫ್ತಿಗೆ ತಡೆಯಿರಲಿಲ್ಲವಾದ್ದರಿಂದ ಅದರ ಬೆಲೆ ಜಗತ್ತಿನ ಬೆಲೆಯನ್ನೇ ಹಿಂಬಾಲಿಸಿತು. ಅಮೆರಿಕದ ಇಂಧನ ಮಾಹಿತಿ ಸಂಸ್ಥೆ 2014ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವೂ ಅಲ್ಲಿನ ಪೆಟ್ರೋಲ್ ಬೆಲೆ ದೇಶೀಯ ತೈಲಕ್ಕಿಂತ ಹೆಚ್ಚಾಗಿ ಬ್ರೆಂಟ್ ತೈಲದ ಜೊತೆ ಏರಿಳಿಯುತ್ತದೆ ಎಂದೇ ಹೇಳಿತು. ಅಗ್ಗಕ್ಕೆ ಕೊಂಡು ಜಗತ್ತಿನ ಬೆಲೆಗೆ ಮಾರುವ ಅವಕಾಶ ರಿಫೈನರಿಗಳಿಗೆ ಸಿಕ್ಕಿತ್ತು. ಬೇಲಿ ಕೀಳಬೇಡಿ ಎಂದು ಗಟ್ಟಿಯಾಗಿ ಕೂಗಿದವರಲ್ಲಿ ಪೂರ್ವ ಕರಾವಳಿಯ ಕೆಲವು ರಿಫೈನರಿ ಕಂಪನಿಗಳೇ ಮುಂದಿದ್ದುದು ಆಕಸ್ಮಿಕವಲ್ಲ. ಅವುಗಳಲ್ಲಿ ಒಂದು ಡೆಲ್ಟಾ ವಿಮಾನಯಾನ ಸಂಸ್ಥೆಯ ಒಡೆತನದ್ದು; 2012ರಲ್ಲಿ ಆ ಸಂಸ್ಥೆ ಪೆನ್ಸಿಲ್ವೇನಿಯಾದಲ್ಲಿ ಒಂದು ರಿಫೈನರಿಯನ್ನೇ ಕೊಂಡಿತ್ತು.

ಕಾನೂನು ಎಷ್ಟು ಅಸಂಗತವಾಗಿತ್ತು ಎಂಬುದಕ್ಕೆ 2014ರ ಒಂದು ತೀರ್ಮಾನವನ್ನು ನೆನೆಯಬೇಕು. ಶೇಲ್ ಬಾವಿಗಳಿಂದ ಬರುವ ಕಂಡೆನ್ಸೇಟ್ ಎಂಬ ಅತಿ ಹಗುರ ದ್ರವವನ್ನು ಕಾಯಿಸಿ ಒಂದು ಬಟ್ಟಿ ಗೋಪುರದಲ್ಲಿ ಹಾಯಿಸಿದರೆ ಅದು ‘ಕಚ್ಚಾ’ ಅಲ್ಲ, ‘ಉತ್ಪನ್ನ’ ಎಂದು ಅಮೆರಿಕದ ವಾಣಿಜ್ಯ ಇಲಾಖೆ ಒಪ್ಪಿ, ಪಯೋನಿಯರ್ ಮತ್ತು ಎಂಟರ್‌ಪ್ರೈಸ್ ಎಂಬ ಎರಡು ಕಂಪನಿಗಳಿಗೆ ರಫ್ತಿಗೆ ದಾರಿ ಮಾಡಿಕೊಟ್ಟಿತು. ರಿಫೈನರಿಯಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಅದು ಸಂಸ್ಕರಣೆ ಅಲ್ಲ, ಸಂಸ್ಕರಣೆಯ ಹೊಸ್ತಿಲು ಮಾತ್ರ ಎನ್ನುತ್ತಾರೆ. ಇದಲ್ಲದೆ 1920ರ ಜೋನ್ಸ್ ಕಾಯ್ದೆಯ ಪ್ರಕಾರ ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸಲು ಅಲ್ಲೇ ಕಟ್ಟಿದ, ಅಲ್ಲಿನವರದೇ ಆದ ಹಡಗು ಬೇಕು. ಅದರ ಬಾಡಿಗೆ ದುಬಾರಿ. ಟೆಕ್ಸಸ್‌ನ ತೈಲ ಫಿಲಡೆಲ್ಫಿಯಾಗೆ ಹೋಗುವುದಕ್ಕಿಂತ ಯುರೋಪಿಗೆ ಹೋಗುವುದು ಅಗ್ಗವಾಗುವ ಪರಿಸ್ಥಿತಿಯಲ್ಲಿ ರಫ್ತನ್ನು ತಡೆದು ದೇಶಕ್ಕೆ ಏನು ಸಾಧಿಸಿದಂತಾಯಿತು?

ಈರುಳ್ಳಿಯ ವಿಷಯದಲ್ಲಿ ನಮ್ಮ ರಾಜ್ಯವೇ ಇದನ್ನು ಅನುಭವಿಸಿದೆ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ಪೂರ್ತಿ ನಿಷೇಧಿಸಿದಾಗ ಚಿಕ್ಕಬಳ್ಳಾಪುರ, ಕೋಲಾರ ಕಡೆಯ ‘ಬೆಂಗಳೂರು ರೋಸ್’ ಬೆಳೆಗಾರರು ಕಂಗಾಲಾದರು. ಆ ಸಣ್ಣ ಕೆಂಪು ಈರುಳ್ಳಿಯನ್ನು ಇಲ್ಲಿ ಕೊಳ್ಳುವವರು ಕಡಿಮೆ. ಅದು ಹೋಗುವುದು ಸಿಂಗಪುರ, ಮಲೇಷ್ಯಾ ಮುಂತಾದ ಕಡೆಗೆ. ಅದನ್ನು ಗಡಿಯೊಳಗೆ ಕೂಡಿಹಾಕಿದ್ದರಿಂದ ನಮ್ಮ ಅಡುಗೆಮನೆಗೆ ಬರುವ ಈರುಳ್ಳಿ ಅಗ್ಗವಾಗಲಿಲ್ಲ. ಕೊನೆಗೆ ಅಕ್ಟೋಬರ್‌ನಲ್ಲಿ ಸರ್ಕಾರ ಆ ತಳಿಯ 9,000 ಟನ್ನಿಗೆ ವಿನಾಯಿತಿ ಕೊಡಬೇಕಾಯಿತು. ಬಕೆನ್ ತೈಲವೂ ಒಂದು ಲೆಕ್ಕದಲ್ಲಿ ಅಮೆರಿಕದ ಬೆಂಗಳೂರು ರೋಸ್ ಆಗಿತ್ತು.

ನಿಷೇಧ ತೆಗೆಯುವ ಪ್ರಯತ್ನಕ್ಕೆ ಅಲಾಸ್ಕದ ಸೆನೆಟರ್ ಲೀಸಾ ಮರ್ಕೌಸ್ಕಿ, ಉತ್ತರ ಡಕೋಟದ ಸೆನೆಟರ್ ಹೈಡಿ ಹೈಟ್‌ಕ್ಯಾಂಪ್, ಟೆಕ್ಸಸ್‌ನ ಪ್ರತಿನಿಧಿ ಜೋ ಬಾರ್ಟನ್ ಮುಂದಾಳುಗಳಾದರು. ಬಾರ್ಟನ್ ಅವರ ಮಸೂದೆ 2015ರ ಅಕ್ಟೋಬರ್ 9ರಂದು ಕೆಳಮನೆಯಲ್ಲಿ 261–159 ಮತಗಳಿಂದ ಗೆದ್ದಿತಾದರೂ ಒಬಾಮ ಆಡಳಿತ ಅದನ್ನು ವಿರೋಧಿಸಿತ್ತು. ಆಮೇಲೆ ನಡೆದದ್ದು ಶುದ್ಧ ಕೊಡುಕೊಳ್ಳುವಿಕೆ: ಗಾಳಿ ಮತ್ತು ಸೌರ ವಿದ್ಯುತ್ತಿಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿಯನ್ನು ಹಲವು ವರ್ಷ ವಿಸ್ತರಿಸಲು ಒಂದು ಪಕ್ಷ ಒಪ್ಪಿತು, ತೈಲ ರಫ್ತನ್ನು ತೆರೆಯಲು ಇನ್ನೊಂದು ಪಕ್ಷ ಒಪ್ಪಿತು. ಡಿಸೆಂಬರ್ 18ರಂದು ಬಜೆಟ್ ಅನುಮೋದನೆಯ ದೊಡ್ಡ ಕಾಯ್ದೆಯೊಳಗೆ ಸೇರಿಕೊಂಡು ನಿಷೇಧ ರದ್ದಾಯಿತು. ಆ ವರ್ಷದ ಕೊನೆಯ ದಿನವೇ ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿ ಬಂದರಿನಿಂದ ‘ಥಿಯೊ ಟಿ’ ಎಂಬ ಹಡಗು ಹಗುರ ತೈಲ ಹೊತ್ತು ಯುರೋಪಿನ ಕಡೆ ಹೊರಟಿತು.

ಬೆಲೆ ಏರಿತೇ? ಆ ಹೊತ್ತಿಗೆ ಜಗತ್ತಿನಲ್ಲೇ ತೈಲ ತುಂಬಿ ತುಳುಕುತ್ತಿದ್ದುದರಿಂದ ಬ್ಯಾರೆಲ್ ಬೆಲೆ 40 ಡಾಲರ್‌ಗಿಂತ ಕೆಳಗಿತ್ತು. ಎರಡು ಮಾನದಂಡಗಳ ಅಂತರವೂ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಮುಂದಿನ ತಿಂಗಳುಗಳಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ಗ್ಯಾಲನ್‌ಗೆ (ಸುಮಾರು 3.8 ಲೀಟರ್‌ಗೆ) 2 ಡಾಲರ್‌ಗಿಂತ ಕಡಿಮೆಗೆ ಸಿಕ್ಕಿತು. ಇದನ್ನು ರಫ್ತು ತೆರೆದದ್ದರ ಫಲವೆಂದು ಬೀಗುವುದು ಸರಿಯಲ್ಲ, ಆದರೆ ತೆರೆದರೆ ಬೆಲೆ ಏರುತ್ತದೆ ಎಂಬ ಭವಿಷ್ಯ ಸುಳ್ಳಾಯಿತು ಎನ್ನಲು ಅಡ್ಡಿಯಿಲ್ಲ. ನಿಜವಾದ ಬದಲಾವಣೆ ಕಂಡದ್ದು ನಂತರದ ವರ್ಷಗಳಲ್ಲಿ. 2015ರಲ್ಲಿ ದಿನಕ್ಕೆ 5 ಲಕ್ಷ ಬ್ಯಾರೆಲ್ ಕೂಡ ಮುಟ್ಟದ, ಬಹುಪಾಲು ಕೆನಡಾಕ್ಕೇ ಹೋಗುತ್ತಿದ್ದ ರಫ್ತು 2018ರಲ್ಲಿ 20 ಲಕ್ಷಕ್ಕೂ, 2023ರಲ್ಲಿ 40 ಲಕ್ಷದ ಆಚೆಗೂ ಬೆಳೆಯಿತು. ಉತ್ಪಾದನೆ ದಿನಕ್ಕೆ 1.29 ಕೋಟಿ ಬ್ಯಾರೆಲ್‌ಗೆ ತಲುಪಿತು. ಅದೇ 2023ರಲ್ಲಿ ಅಮೆರಿಕ ಸುಮಾರು 65 ಲಕ್ಷ ಬ್ಯಾರೆಲ್ ಕಚ್ಚಾ ತೈಲವನ್ನು ದಿನಂಪ್ರತಿ ಆಮದು ಮಾಡಿಕೊಂಡಿತು ಎಂಬುದನ್ನೂ ಮರೆಯಬಾರದು. ಗಿರಣಿ ಕುಚ್ಚಲಕ್ಕಿಯದೇ ಆಗಿ ಉಳಿದಿದೆ. ಅದೇ ವರ್ಷದಿಂದ ಉತ್ತರ ಸಮುದ್ರದ ಬ್ರೆಂಟ್ ಬೆಲೆ ನಿರ್ಧರಿಸುವ ತೈಲಗಳ ಪಟ್ಟಿಗೆ ಟೆಕ್ಸಸ್‌ನ ಮಿಡ್‌ಲ್ಯಾಂಡ್ ತೈಲವೂ ಸೇರಿತು. ಒಂದು ಕಾಲಕ್ಕೆ ಗಡಿ ದಾಟುವಂತಿಲ್ಲದ ತೈಲ ಈಗ ಜಗತ್ತಿನ ಬೆಲೆ ಅಳೆಯುವ ಕೋಲಿನ ಭಾಗವಾಗಿದೆ.

ಭಾರತಕ್ಕೆ ಈ ತೈಲ ಮೊದಲ ಬಾರಿಗೆ ಬಂದದ್ದು 2017ರ ಅಕ್ಟೋಬರ್ 2ರಂದು. ಇಂಡಿಯನ್ ಆಯಿಲ್ ಕೊಂಡ 16 ಲಕ್ಷ ಬ್ಯಾರೆಲ್ ಅಂದು ಒಡಿಶಾದ ಪಾರಾದೀಪ ತಲುಪಿತು. ಒಂದು ಮೂಲದ ಮೇಲಿನ ಅವಲಂಬನೆ ತಗ್ಗಿತು ಎಂಬುದು ಲಾಭ. ಆದರೆ ಮಾರಲು ಬಿಟ್ಟ ಸರಕಿನ ಹಿಂದೆ ಮಾರಲೇಬೇಕೆಂಬ ಒತ್ತಡವೂ ಬರುತ್ತದೆ. ರಷ್ಯಾದ ತೈಲ ಕೊಳ್ಳುತ್ತೀರಿ ಎಂಬ ಕಾರಣ ಕೊಟ್ಟು ಅಮೆರಿಕ 2025ರ ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹೇರಿದ್ದು ಎಲ್ಲರಿಗೂ ತಿಳಿದಿದೆ. 1975ರ ಕಾನೂನು ಹಾಗೇ ಇದ್ದಿದ್ದರೆ, ತನ್ನ ತೈಲವನ್ನು ಹೆಚ್ಚು ಕೊಳ್ಳಿರೆಂದು ನಮ್ಮನ್ನು ಕೇಳುವ ಸ್ಥಿತಿಯಲ್ಲೇ ವಾಷಿಂಗ್ಟನ್ ಇರುತ್ತಿರಲಿಲ್ಲ.

ನಿಷೇಧ ತೆಗೆದದ್ದರ ವಿರುದ್ಧ ಇರುವ ಆಕ್ಷೇಪಗಳಲ್ಲಿ ನನಗೆ ತೂಕದ್ದೆನಿಸುವುದು ಪರಿಸರದ್ದು. ಹೊರಗೆ ಮಾರುಕಟ್ಟೆ ಸಿಕ್ಕಿದ್ದರಿಂದ ಪರ್ಮಿಯನ್‌ನಲ್ಲಿ ಕೊರೆತ ಹೆಚ್ಚಿತು, ತೈಲದ ಜೊತೆ ಬಂದ ಅನಿಲವನ್ನು ಕೊಂಡೊಯ್ಯಲು ಕೊಳವೆ ಸಾಲದೆ ಬಾವಿಯ ಬಳಿಯೇ ಸುಡಲಾಯಿತು. ಇದು ನಿಜವಾದ ಹಾನಿ. ಆದರೆ ಕೊರೆತ ತಗ್ಗಿಸುವುದು ಗುರಿಯಾದರೆ ಅನಿಲ ಸುಡುವುದರ ಮೇಲೆ ನಿಯಮ, ತೆರಿಗೆ ಬೇಕು. ಒಳಗಿನ ರಿಫೈನರಿಗೆ ಅಗ್ಗದ ತೈಲ ಕೊಡುವ ಕಾನೂನು ಆ ಕೆಲಸಕ್ಕೆ ವಕ್ರ ದಾರಿ. 2022ರಲ್ಲಿ ಉಕ್ರೇನ್ ಯುದ್ಧದಿಂದ ಪೆಟ್ರೋಲ್ ಗ್ಯಾಲನ್‌ಗೆ 5 ಡಾಲರ್ ಮುಟ್ಟಿದಾಗ ನಿಷೇಧ ಮರಳಿ ಬರಲಿ ಎಂಬ ಕೂಗೂ ಎದ್ದಿತು. ರದ್ದತಿ ಕಾಯ್ದೆಯಲ್ಲೇ ತುರ್ತು ಸ್ಥಿತಿ ಘೋಷಿಸಿ ಒಂದು ವರ್ಷದವರೆಗೆ ರಫ್ತು ತಡೆಯುವ ಅಧಿಕಾರ ಅಧ್ಯಕ್ಷರಿಗೆ ಉಳಿದಿದ್ದರೂ ಬೈಡನ್ ಅದನ್ನು ಬಳಸಲಿಲ್ಲ. ಬದಲಿಗೆ ಮೀಸಲು ಸಂಗ್ರಹದಿಂದ 18 ಕೋಟಿ ಬ್ಯಾರೆಲ್ ಬಿಡುಗಡೆಗೆ ಆದೇಶಿಸಿದರು.

ಆ ಮೀಸಲು ಸಂಗ್ರಹ ಎಲ್ಲಿಂದ ಬಂತು? 1975ರ ಅದೇ ಕಾಯ್ದೆಯಿಂದ. ನನ್ನ ಪತ್ರದ ಮುಖ್ಯ ವಿಷಯ ಇದು. ಆ ಒಂದು ಕಾಯ್ದೆಯಲ್ಲಿ ಮೂರು ಉಪಾಯಗಳಿದ್ದವು: ರಫ್ತು ನಿಷೇಧ, ಲೂಯಿಸಿಯಾನ ಮತ್ತು ಟೆಕ್ಸಸ್‌ಗಳ ಉಪ್ಪಿನ ಗುಹೆಗಳಲ್ಲಿ ತುರ್ತು ತೈಲ ಸಂಗ್ರಹ, ಮತ್ತು ಹೊಸ ಕಾರುಗಳ ಮೈಲೇಜ್ 1985ರೊಳಗೆ ಗ್ಯಾಲನ್‌ಗೆ 27.5 ಮೈಲಿಗೆ ಏರಬೇಕೆಂಬ ಷರತ್ತು. ಸಂಗ್ರಹ 1991ರ ಕೊಲ್ಲಿ ಯುದ್ಧದಲ್ಲಿ, 2005ರ ಕತ್ರೀನಾ ಚಂಡಮಾರುತದಲ್ಲಿ, 2022ರಲ್ಲಿ ಕೈಹಿಡಿಯಿತು. ಮೈಲೇಜ್ ನಿಯಮ ಲಕ್ಷಾಂತರ ಕಾರುಗಳ ದಾಹ ತಗ್ಗಿಸಿತು. ಜನರಿಗೆ ಹೆಚ್ಚು ದೇಶಭಕ್ತಿಯದಾಗಿ ಕಂಡ ಮೊದಲನೆಯದು ಮಾತ್ರ ಬೆಲೆ ನಿಯಂತ್ರಣ ಹೋದ ಮೇಲೆ ಯಾರನ್ನೂ ಕಾಪಾಡಲಿಲ್ಲ.

ಆ ಎರಡನೇ ಉಪಾಯದ ನಮ್ಮ ರೂಪ ನಾನಿರುವ ತಾಲ್ಲೂಕಿನಲ್ಲೇ ಇದೆ. ಪಾದೂರಿನ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. 2020ರ ಏಪ್ರಿಲ್–ಮೇನಲ್ಲಿ ಬೆಲೆ ಪಾತಾಳ ಕಂಡಾಗ ಇವನ್ನೆಲ್ಲ ತುಂಬಿಸಿಕೊಂಡದ್ದರಿಂದ ಸುಮಾರು ₹5,000 ಕೋಟಿ ಉಳಿಯಿತೆಂದು ಸರ್ಕಾರ ಹೇಳಿದೆ. ಆದರೂ ಮೂರೂ ಸೇರಿ ದೇಶದ ಸುಮಾರು ಒಂಬತ್ತೂವರೆ ದಿನಗಳ ಅಗತ್ಯಕ್ಕಷ್ಟೇ ಸಾಲುತ್ತವೆ. 2021ರ ಜುಲೈನಲ್ಲಿ ಒಪ್ಪಿಗೆ ಸಿಕ್ಕ ಪಾದೂರಿನ ಎರಡನೇ ಹಂತದ ಬಗ್ಗೆ ನಡೆಯುವ ಚರ್ಚೆ, ರಫ್ತು ನಿಷೇಧದ ಬಗ್ಗೆ ನಡೆಯುವ ಚರ್ಚೆಯ ಹತ್ತರಲ್ಲೊಂದು ಪಾಲೂ ಇಲ್ಲ.

ನಮ್ಮಲ್ಲೂ ಆ ನಿಷೇಧವಿದೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ರಾಜಸ್ಥಾನದ ಬಾಡಮೇರ್‌ನಲ್ಲಿ 2009ರಿಂದ ಬರುತ್ತಿರುವ ತೈಲ ಮೇಣದಂತೆ ಗಟ್ಟಿಕಟ್ಟುವ ಗುಣದ್ದು. ದಾರಿಯುದ್ದಕ್ಕೂ ಕಾಯಿಸುತ್ತಲೇ ಅದನ್ನು ಕೊಳವೆಯಲ್ಲಿ ಗುಜರಾತಿಗೆ ಸಾಗಿಸಬೇಕು. ಅದನ್ನು ಕೊಳ್ಳಲು ಸರ್ಕಾರ ನೇಮಿಸಿದ್ದ ಖರೀದಿದಾರರಲ್ಲಿ ಮಂಗಳೂರಿನ ರಿಫೈನರಿಯೂ ಒಂದು. ತನ್ನ ಪಾಲಿನ ಹೆಚ್ಚುವರಿ ತೈಲವನ್ನು ರಫ್ತು ಮಾಡಲು ಅನುಮತಿ ಬೇಕೆಂದು ಅಲ್ಲಿ ತೈಲ ತೆಗೆಯುವ ಕೇರ್ನ್ ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಿ 2016ರಲ್ಲಿ ಸೋತಿತು. ದೇಶ ಸ್ವಾವಲಂಬಿಯಾಗುವವರೆಗೆ ಹೊರಗೆ ಮಾರುವಂತಿಲ್ಲ ಎಂಬುದು ಸರ್ಕಾರದೊಡನೆ ಅದು ಮಾಡಿಕೊಂಡ ಒಪ್ಪಂದದ ಷರತ್ತು. ಶೇ 85ಕ್ಕೂ ಹೆಚ್ಚು ತೈಲ ಆಮದು ಮಾಡಿಕೊಳ್ಳುವ ದೇಶಕ್ಕೆ ಆ ದಿನ ಸದ್ಯಕ್ಕಂತೂ ಕಾಣುತ್ತಿಲ್ಲ. 2022ರ ಅಕ್ಟೋಬರ್ 1ರಿಂದ ಉತ್ಪಾದಕರು ದೇಶದೊಳಗೆ ತಮಗೆ ಬೇಕಾದ ರಿಫೈನರಿಗೆ ಮಾರಬಹುದೆಂದು ಕೇಂದ್ರ ಸಂಪುಟ ಅವಕಾಶ ಮಾಡಿಕೊಟ್ಟಿತು, ರಫ್ತು ಮಾತ್ರ ಕೂಡದು ಎಂದಿತು. ಅದೇ ವರ್ಷದ ಜುಲೈನಲ್ಲಿ ದೇಶೀಯ ಕಚ್ಚಾ ತೈಲದ ಮೇಲೆ ಟನ್ನಿಗೆ ₹23,250 ವಿಶೇಷ ತೆರಿಗೆ ಹಾಕಿ, 2024ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ನನ್ನ ದೃಷ್ಟಿಯಲ್ಲಿ ಈ ತೆರಿಗೆ ನಿಷೇಧಕ್ಕಿಂತ ಪ್ರಾಮಾಣಿಕವಾದ ಕ್ರಮ. ಯುದ್ಧದ ಕಾರಣಕ್ಕೆ ಉತ್ಪಾದಕನಿಗೆ ಅನಾಯಾಸ ಲಾಭ ಬಂದರೆ ಅದು ಎಲ್ಲರೂ ನೋಡುವಂತೆ ಖಜಾನೆಗೆ ಬರುತ್ತದೆ. ನಿಷೇಧದಲ್ಲಿ ಆ ಅಂತರ ಸದ್ದಿಲ್ಲದೆ ರಿಫೈನರಿಯ ಲೆಕ್ಕಕ್ಕೆ ಹೋಗುತ್ತದೆ. ರಿಫೈನರಿಯ ಸಂಬಳ ಉಂಡವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಭಾರತದ ಪರಿಸ್ಥಿತಿ ಅಮೆರಿಕದ್ದಲ್ಲ, ಆದ್ದರಿಂದ ನಿರ್ಬಂಧವನ್ನು ನಾಳೆಯೇ ಪೂರ್ತಿ ತೆಗೆಯಿರಿ ಎಂದು ನಾನು ಕೇಳುವುದಿಲ್ಲ. ನಾನು ಕೇಳುವುದು ಚಿಕ್ಕದು: ದೇಶದೊಳಗಿನ ಹರಾಜಿನಲ್ಲಿ ಜಾಗತಿಕ ಮಾನದಂಡಕ್ಕೆ ಹೊಂದುವ ಬೆಲೆ ಬರದಿದ್ದಾಗ ಆ ಸರಕನ್ನು ಹೊರಗೆ ಮಾರಲು ಅವಕಾಶವಿರಲಿ, ತುರ್ತು ಸ್ಥಿತಿಯಲ್ಲಿ ತಡೆಯುವ ಅಧಿಕಾರವನ್ನು ಗರಿಷ್ಠ ಒಂದು ವರ್ಷದ ಮಿತಿಯೊಡನೆ ಸರ್ಕಾರ ಇಟ್ಟುಕೊಳ್ಳಲಿ, ಯಾವ ನಿರ್ಬಂಧದಿಂದ ಯಾರಿಗೆ ಎಷ್ಟು ರೂಪಾಯಿ ಹೋಯಿತು ಎಂಬುದನ್ನು ಪೆಟ್ರೋಲಿಯಂ ಸಚಿವಾಲಯ ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲಿ. ತಮ್ಮ ಪತ್ರಿಕೆ ಮುಂದಿನ ಬಾರಿ ಕಚ್ಚಾ ತೈಲದ ಬೆಲೆ ಪ್ರಕಟಿಸುವಾಗ ಬಾಡಮೇರ್ ತೈಲ ಬ್ರೆಂಟ್‌ಗಿಂತ ಎಷ್ಟು ಕಡಿಮೆಗೆ ಮಾರಾಟವಾಯಿತು ಎಂಬುದನ್ನೂ ಒಂದು ಸಾಲಿನಲ್ಲಿ ಕೊಟ್ಟರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಿಫೈನರಿ ನೌಕರ,
ಕಾಪು, ಉಡುಪಿ ಜಿಲ್ಲೆ